ಸೂರ್ಯನನ್ನು ಸ್ವಲ್ಪ ಕಮ್ಮಿ ಮಾಡಬಹುದೇ?

ಜನರ ಅಭಿಪ್ರಾಯ ಕೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ನಾವು ಕೇಳುವುದು ಒಂದು, ಅವರು ಹೇಳುವುದು ಇನ್ನೊಂದು, ಕೊನೆಗೆ ವರದಿಯಲ್ಲಿ ಅಚ್ಚಾಗುವುದು ಮತ್ತೊಂದು. ಅದರ ಮೇಲೆ ಕೊರೊನಾ ಕಾಲ, ಎಲ್ಲವೂ ಝೂಮ್‌ನಲ್ಲಿ. ಹಾಗಾಗಿ ನನ್ನ ಪಾಲಿಗೆ ಈ ಪ್ರಸಂಗಗಳು ಸ್ವಲ್ಪ ಹೆಚ್ಚೇ ಬಂದವು.

ನಾನು ಕಾಪು ಕಡೆಯವಳು. ಗಂಡನ ಕೆಲಸದ ದೆಸೆಯಿಂದ ಐರ್ಲೆಂಡಿನ ಅತ್ಲೋನ್‌ಗೆ ಬಂದು, ಡಬ್ಲಿನ್‌ನ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಕೆಲಸ ಏನೆಂದು ಹೇಳಿಬಿಡುತ್ತೇನೆ. ಆಕಾಶದಲ್ಲಿ ತುಂಬ ಎತ್ತರಕ್ಕೆ ಹೋಗಿ ಸಣ್ಣ ಸಣ್ಣ ಕಣಗಳನ್ನು ಚಿಮುಕಿಸಿದರೆ ಬಿಸಿಲಿನ ಚೂರು ಪಾಲು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ, ಭೂಮಿ ಒಂಚೂರು ತಣ್ಣಗಾಗುತ್ತದೆ ಎನ್ನುವುದು ಕೆಲವು ವಿಜ್ಞಾನಿಗಳ ಯೋಚನೆ. ಎಲ್ಲಿಯ ಮಳೆ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ, ಅದಕ್ಕೇ ಯಾರೂ ಧೈರ್ಯ ಮಾಡಿಲ್ಲ. ಮಾಡಬೇಕೋ ಬೇಡವೋ ಎಂದು ದೊಡ್ಡ ದೇಶದವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಬದಲು, ಸಮುದ್ರ ಮನೆ ಬಾಗಿಲಿಗೆ ಬಂದು ನಿಂತವರನ್ನು ಮೊದಲು ಕೇಳಬೇಕು ಎಂಬುದು ನಮ್ಮ ಸಂಸ್ಥೆಯ ಉದ್ದೇಶ. ಉದ್ದೇಶ ಒಳ್ಳೆಯದೇ, ಈಗಲೂ ಹಾಗೇ ಹೇಳುತ್ತೇನೆ. ಊರೂರಿಗೆ ಹೋಗಿ ಜನರ ಜತೆ ಕೂತು ಮಾತಾಡಬೇಕೆಂದು ಎಲ್ಲ ತಯಾರಿಯಾಗಿತ್ತು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಪೆಸಿಫಿಕ್ ದ್ವೀಪ, ಬಾಂಗ್ಲಾದೇಶದ ನದೀಮುಖದ ಹಳ್ಳಿ, ನಮ್ಮ ಕರಾವಳಿ, ಎಲ್ಲವೂ ನನ್ನ ಅಡುಗೆಮನೆಯ ಮೇಜಿನ ಮೇಲೆ ಬಂದು ಕೂತವು.

ಮೋಡ ಬಂದ ದಿನ

ಆ ವಸಂತದಲ್ಲಿ ಐರ್ಲೆಂಡಿನಲ್ಲಿ ಎಂದೂ ಇಲ್ಲದ ಬಿಸಿಲು. ಹೊರಗೆ ಹೋಗಬಾರದು ಎಂದ ಕೂಡಲೇ ಹೊರಗೆ ಇಷ್ಟು ಚೆನ್ನಾಗಿರುವುದು ಅನ್ಯಾಯ ಅಂತ ಊರೆಲ್ಲ ಗೊಣಗುತ್ತಿತ್ತು. ಪಕ್ಕದ ಮನೆಯ ಅಜ್ಜಿಗೆ ಎಪ್ಪತ್ತು ದಾಟಿತ್ತು, ಅವರು ಗೇಟಿನಾಚೆ ಕಾಲಿಡುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು, ಚಹಾದ ಮಗ್ ಹಿಡಿದು, ಕಣ್ಣು ಮುಚ್ಚಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು.

ಒಂದು ದಿನ ಗೋಡೆಯ ಆಚೆಯಿಂದ, ದಿನವಿಡೀ ಕಂಪ್ಯೂಟರಿನಲ್ಲಿ ಏನು ಮಾಡ್ತೀಯ ಎಂದು ಕೇಳಿದರು. ನಾನು ಸರಳವಾಗಿ ವಿವರಿಸಿದೆ. ಕಣ್ಣು ತೆರೆದರು. ಸೂರ್ಯನನ್ನು ಕಮ್ಮಿ ಮಾಡೋದಾ, ಎಂದರು. ಮಾಡೋದಲ್ಲ ಅಜ್ಜಿ, ಮಾಡಬಹುದಾ ಅಂತ ಕೇಳೋದು ಅಷ್ಟೇ, ಎಂದೆ. ಇಂಥ ಒಂದು ವಸಂತಕ್ಕೆ ನಾನು ಹುಟ್ಟಿದಾಗಿನಿಂದ ಕಾದಿದ್ದೇನೆ, ಇದು ಮುಗಿಯೋವರೆಗಾದರೂ ತಡೀರಿ ಎಂದು ಕೇಳಿಕೊಂಡರು. ನಮ್ಮ ಸಂಸ್ಥೆಯಲ್ಲಿ ಇರುವುದು ಎಲ್ಲ ಸೇರಿ ಒಂದು ಪ್ರಿಂಟರ್, ಅದೂ ಕೆಟ್ಟಿದೆ, ಸೂರ್ಯನ ತಂಟೆಗೆ ಹೋಗುವ ಶಕ್ತಿ ನಮಗಿಲ್ಲ ಎಂದು ಸಮಾಧಾನ ಹೇಳಿದೆ. ತಲೆ ಅಲ್ಲಾಡಿಸಿದರು, ಆದರೆ ನಂಬಿದ ಹಾಗೆ ಕಾಣಲಿಲ್ಲ.

ಎರಡು ದಿನ ಬಿಟ್ಟು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಮುಚ್ಚಿತು. ಅಜ್ಜಿ ಕುರ್ಚಿಯಿಂದ ಎದ್ದರು. ತಲೆಯೆತ್ತಿ ಆಕಾಶ ನೋಡಲಿಲ್ಲ, ತಿರುಗಿ ನಮ್ಮ ಅಡುಗೆಮನೆಯ ಕಿಟಕಿ ನೋಡಿದರು.

ನನ್ನ ಕೆಲಸದ ವಿವರಣೆ

ಶಾಲೆ ಮುಚ್ಚಿದ್ದರಿಂದ ಮಗಳ ಕ್ಲಾಸೂ ಅದೇ ಮೇಜಿನಲ್ಲಿ. ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಅವಳು, ನಡುವೆ ಉಪ್ಪಿಟ್ಟಿನ ಪಾತ್ರೆ. ಅವಳು ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಬೈದರೂ ಅವಳು ಐರಿಶ್ ಧಾಟಿಯ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಅವತ್ತು ಟೀಚರು ಪ್ರತಿ ಮಗುವಿಗೂ ನಿಮ್ಮ ಅಪ್ಪ ಅಮ್ಮ ಮನೆಯಿಂದ ಏನು ಕೆಲಸ ಮಾಡ್ತಾರೆ ಹೇಳಿ ಎಂದಿದ್ದರು. ಒಬ್ಬಳ ಅಮ್ಮ ನರ್ಸ್, ಒಬ್ಬನ ಅಪ್ಪ ಟ್ರ್ಯಾಕ್ಟರ್ ರಿಪೇರಿ. ನಮ್ಮವಳ ಸರದಿ ಬಂತು. ಕೆಲಸದ ಬಗ್ಗೆ ನಾನು ಅವಳಿಗೆ ಚಿತ್ರ ಬರೆದು ಎಷ್ಟೋ ಸಲ ವಿವರಿಸಿದ್ದೆ, ಹಾಗಾಗಿ ಕಿವಿ ಅತ್ತ ಇಟ್ಟು ಸ್ವಲ್ಪ ಜಂಬದಿಂದಲೇ ಕೂತಿದ್ದೆ.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದರ ಅರ್ಥ ಇಷ್ಟು: "ನಮ್ಮಮ್ಮ ಮುಳುಗ್ತಾ ಇರೋರಿಗೆ ಫೋನ್ ಮಾಡಿ, ನಿಮಗೆ ಹೇಗನ್ನಿಸ್ತಿದೆ ಅಂತ ಕೇಳ್ತಾರೆ."

ಟೀಚರು, ಆಮೇಲೆ ಏನಾಗುತ್ತೆ ಎಂದು ಕೇಳಿದರು. ಆಮೇಲೆ ಥ್ಯಾಂಕ್ಸ್ ಹೇಳಿ ಫೋನ್ ಇಡ್ತಾರೆ, ಎಂದಳು.

ಗ್ರ್ಯಾಂಡ್

ನಮ್ಮ ಕಡೆ ಮದುವೆ ಗ್ರ್ಯಾಂಡಾಗಿ ಆಯ್ತು ಎಂದರೆ ಸಾವಿರ ಜನ ಉಂಡರು ಎಂದು ಅರ್ಥ. ಐರ್ಲೆಂಡಿನಲ್ಲಿ ಆ ಪದಕ್ಕೆ ಅಷ್ಟು ತೂಕ ಇಲ್ಲ. ಜ್ವರ ಹೇಗಿದೆ ಎಂದರೆ ಗ್ರ್ಯಾಂಡ್, ಬ್ರೆಡ್ ಮುಗಿದಿದೆ ಎಂದರೂ ಗ್ರ್ಯಾಂಡ್. 'ಸರಿ ಬಿಡಿ' ಎನ್ನುವುದಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ. ಬಂದ ಹೊಸದರಲ್ಲಿ ನಾನೂ ಮೋಸ ಹೋಗಿದ್ದೆ.

ನಮ್ಮ ಡೈರೆಕ್ಟರು ಐರ್ಲೆಂಡಿನವರು, ಒಳ್ಳೆಯ ಮನುಷ್ಯ, ಮಾತಿಗೊಂದು ಗ್ರ್ಯಾಂಡ್ ಸೇರಿಸುವವರು. ಬಾಂಗ್ಲಾದೇಶದ ಹಳ್ಳಿಯ ಪರವಾಗಿ ನಮ್ಮ ಸಭೆಗೆ ಬರುತ್ತಿದ್ದವರು ಅಲ್ಲಿಯ ಶಾಲೆಯ ಮೇಷ್ಟರು. ಆ ಬೇಸಿಗೆಯ ಚಂಡಮಾರುತಕ್ಕೆ ಅವರ ಊರಿನ ನದಿಗೆ ಕಟ್ಟಿದ ಏರಿ ಒಡೆದು ಗದ್ದೆಗೆಲ್ಲ ಉಪ್ಪುನೀರು ನುಗ್ಗಿತ್ತು. ಸಭೆಯಲ್ಲಿ ಸೂರ್ಯನ ವಿಷಯ ಮಾತಾಡುತ್ತಾ, ಕೊನೆಗೆ ಮೇಷ್ಟರು, ನಮ್ಮ ಏರಿಯನ್ನು ಇನ್ನಷ್ಟು ಎತ್ತರಿಸಬೇಕು, ಸರ್ಕಾರದವರಿಗೆ ನೀವೊಂದು ಮಾತು ಹೇಳಬೇಕು ಎಂದು ಕೇಳಿಕೊಂಡರು. ಡೈರೆಕ್ಟರು ಏನೋ ಬರೆದುಕೊಳ್ಳುತ್ತಾ, ಗ್ರ್ಯಾಂಡ್, ಗ್ರ್ಯಾಂಡ್, ಎಂದರು.

ಮುಂದಿನ ವಾರ ಮೇಷ್ಟರ ಹಿಂದೆ ಇಡೀ ಊರು ನಿಂತಿತ್ತು. ಹುಡುಗಿಯರು ತಲೆಗೆ ಹೂವು ಮುಡಿದಿದ್ದರು. ಒಬ್ಬರು ಕ್ಯಾಮೆರಾಗೆ ಸಿಹಿಯ ತಟ್ಟೆ ಹಿಡಿದರು. ಯುರೋಪಿನ ದೊಡ್ಡ ವಿದ್ವಾಂಸರು ನಮ್ಮ ಏರಿಯ ಯೋಜನೆಯನ್ನು ಭವ್ಯವಾಗಿದೆ ಎಂದು ಎರಡು ಸಲ ಹೊಗಳಿದ್ದಾರೆ ಅಂತ ಮೇಷ್ಟರು ಊರಲ್ಲಿ ಸಾರಿಬಿಟ್ಟಿದ್ದರು. ಡೈರೆಕ್ಟರಿಗೆ ಅರ್ಥವೇ ಆಗಲಿಲ್ಲ, ಹಬ್ಬ ಇರಬೇಕು ಎಂದುಕೊಂಡು ಕೈಬೀಸಿ ಶುಭಾಶಯ ಹೇಳಿದರು.

ನಿಜ ಹೇಳುವ ಕೆಲಸ ನನ್ನ ತಲೆಗೆ ಬಂತು. ಆಮೇಲೆ ಮೇಷ್ಟರಿಗೆ ಬೇರೆಯಾಗಿ ಫೋನ್ ಮಾಡಿ ಆ ಪದದ ಅರ್ಥ ಬಿಡಿಸಿದೆ. ಅವರು ಬೇಜಾರು ಮಾಡಿಕೊಂಡರು. ಕೊನೆಗೆ, "ಹಾಗಾದರೆ ಆಗೋದಿಲ್ಲ ಅನ್ನೋದಕ್ಕೆ ಅವರಲ್ಲಿ ಯಾವ ಪದ ಇದೆಯಮ್ಮ?" ಎಂದು ಕೇಳಿದರು.

ಯೋಚಿಸಿ ನೋಡಿದೆ. "ಅದಕ್ಕೂ ಗ್ರ್ಯಾಂಡ್ ಅಂತಲೇ ಸಾರ್, ಸ್ವಲ್ಪ ಎಳೆದು ಹೇಳ್ತಾರೆ," ಎಂದೆ.

ಎಷ್ಟು ಲೀಟರಿಂದು?

ದೀಪಾವಳಿ ಕಳೆದ ಮೇಲೆ ನಮ್ಮೂರಿನ ಸಭೆ. ಅಲ್ಲಿ ನನ್ನ ದೊಡ್ಡಮ್ಮ ಒಣಮೀನಿನ ವ್ಯಾಪಾರ ಮಾಡುತ್ತಾರೆ, ಹೆಂಗಸರ ಸ್ವಸಹಾಯ ಸಂಘಕ್ಕೂ ಅವರೇ ಅಧ್ಯಕ್ಷೆ. ಪ್ರತಿ ಮಳೆಗಾಲವೂ ಕಡಲು ಒಂದಷ್ಟು ತೆಂಗಿನಮರ, ಒಂದಷ್ಟು ರಸ್ತೆ ತಿನ್ನುವ ಜಾಗ ಅದು. ಜನ ಸೇರಿಸಿಕೊಡಿ ಎಂದು ದೊಡ್ಡಮ್ಮನಿಗೆ ಹೇಳಿದ್ದೆ. ವಿಷಯ ಎಂತದ್ದು ಎಂದು ಕೇಳಿದಾಗ ಗಡಿಬಿಡಿಯಲ್ಲಿ ಸೋಲಾರ್ ಜಿಯೋಎಂಜಿನಿಯರಿಂಗ್ ಅಂದೆ. ಅವರಿಗೆ ಕೇಳಿಸಿದ್ದು ಮೊದಲ ಪದ ಮಾತ್ರ.

ಸಭೆಯ ದಿನ ಸಂಘದ ಹಾಲ್ ತುಂಬಿ, ಬಾಗಿಲಲ್ಲೂ ಜನ. ಎಲ್ಲರೂ ಮಾಸ್ಕ್ ಹಾಕಿ ದೂರ ದೂರ ಕೂತಿದ್ದರು. ಇಷ್ಟು ಜನ ಯಾವ ದೇಶದಲ್ಲೂ ಬಂದಿರಲಿಲ್ಲ. ಡೈರೆಕ್ಟರಿಗೆ ಆನಂದ. ಅವರು ಆಗಷ್ಟೇ ಹೊಸ ಪದ್ಧತಿಯೊಂದನ್ನು ಓದಿಕೊಂಡಿದ್ದರು. ನಾವು ಮೊದಲು ಬಾಯಿ ತೆರೆಯಬಾರದು, ಜನರ ಮನಸ್ಸಿನಲ್ಲಿ ಇರುವುದು ತಾನಾಗಿ ಬರಲಿ, ನೀನು ಅನುವಾದ ಮಾಡಿದರೆ ಸಾಕು ಎಂದರು.

ಹಿಂದಿನ ಸಾಲಿನ ಒಬ್ಬರು ಎದ್ದು, "ಇದು ಎಷ್ಟು ಲೀಟರಿಂದು?" ಎಂದು ಕೇಳಿದರು.

ನನಗೆ ಎಲ್ಲ ಅರ್ಥವಾಯಿತು. ಊರಿಡೀ ಸ್ನಾನದ ನೀರು ಕಾಯಿಸುವ ಸೋಲಾರ್ ಹೀಟರ್ ಹಂಚುತ್ತಾರೆಂದು ಬಂದಿದೆ. ಡೈರೆಕ್ಟರು ನನ್ನ ಮುಖ ನೋಡುತ್ತಿದ್ದರು. ಪ್ರಮಾಣದ ಬಗ್ಗೆ ಕೇಳ್ತಿದ್ದಾರೆ ಸಾರ್, ಎಂದೆ. ಅವರು, ಬಹಳ ಮುಖ್ಯವಾದ ಪ್ರಶ್ನೆ, ಎಷ್ಟು ಪ್ರಮಾಣ ಎನ್ನುವುದರ ಮೇಲೇ ಎಲ್ಲ ನಿಂತಿದೆ, ಎಂದರು.

ಇನ್ನೊಬ್ಬರು, ತಾರಸಿ ಮೇಲೇ ಇಡಬೇಕಾ, ಅಂಗಳದಲ್ಲಿ ಇಟ್ಟರೆ ಆಗುವುದಿಲ್ಲವಾ ಎಂದರು. ಎಷ್ಟು ಎತ್ತರದಲ್ಲಿ ಅಂತ ಕೇಳ್ತಿದ್ದಾರೆ, ಎಂದೆ. ಡೈರೆಕ್ಟರು ಕುರ್ಚಿಯ ತುದಿಗೆ ಬಂದರು. ಮೂರನೆಯವರು ಒಬ್ಬ ಹೆಂಗಸು. "ಮಳೆಗಾಲದಲ್ಲಿ ಇದರ ಕತೆ ಎಂತ?" ಎಂದರು. ಇದಕ್ಕೆ ನಾನು ಏನೂ ಸೇರಿಸಬೇಕಾಗಲಿಲ್ಲ, ಇದ್ದದ್ದು ಇದ್ದ ಹಾಗೇ ಇಂಗ್ಲಿಷ್ ಮಾಡಿದೆ. ಡೈರೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ವಿಜ್ಞಾನಿಗಳ ನಿದ್ದೆ ಕೆಡಿಸಿದ ಪ್ರಶ್ನೆಯೇ ಇದು ಎಂದರು.

ಇನ್ನು ಎಳೆಯುವುದು ಸರಿಯಲ್ಲ ಎನಿಸಿ, ಕನ್ನಡ ತುಳು ಬೆರೆಸಿ ನಿಜವಾದ ವಿಷಯ ಬಿಡಿಸಿ ಹೇಳಿದೆ. ಅರ್ಧ ಹಾಲ್ ಎದ್ದು ಹೋಯಿತು. ದೊಡ್ಡಮ್ಮ ಏಳಲಿಲ್ಲ. ಲ್ಯಾಪ್‌ಟಾಪಿನ ಹತ್ತಿರ ಬಂದು ನನ್ನನ್ನೇ ದಿಟ್ಟಿಸಿದರು.

"ಎಂತ ಮಾರಾಯ್ತಿ, ಬಿಸಿಲು ಕಮ್ಮಿ ಮಾಡಿದ್ರೆ ನನ್ನ ಮೀನು ಒಣಗಿಸುದು ಯಾರು? ನಿನ್ನ ಸಾಹೇಬ್ರು ಬಂದು ಊದ್ತಾರಾ?"

ಜೀವನೋಪಾಯದ ಬಗ್ಗೆ ಕೇಳ್ತಿದ್ದಾರೆ, ಎಂದೆ. ಡೈರೆಕ್ಟರು ಕೈಮುಗಿದರು. ಕರ್ನಾಟಕ ಕರಾವಳಿಯವರಷ್ಟು ತಯಾರಾಗಿ ಬಂದವರನ್ನು ತಾನು ಎಲ್ಲೂ ಕಂಡಿಲ್ಲ ಎಂದು ಅವರು ಆಮೇಲೆ ಎಷ್ಟೋ ಕಡೆ ಭಾಷಣ ಮಾಡಿದ್ದಾರೆ.

ಹಿಂದೆ ಸಮುದ್ರ ಕಾಣಬೇಕು

ಪೆಸಿಫಿಕ್ ದ್ವೀಪದಿಂದ ಬರುತ್ತಿದ್ದವರು ಅಲ್ಲಿನ ಚರ್ಚಿನ ಮಹಿಳಾ ಮಂಡಳಿಯ ಅಧ್ಯಕ್ಷೆ, ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಚರ್ಚಿನ ಆಫೀಸಿನಲ್ಲಿ ಎ.ಸಿ. ಹಾಕಿಕೊಂಡು, ಹಿಂದೆ ಫೈಲುಗಳ ಕಪಾಟು, ಪಕ್ಕದಲ್ಲಿ ಕಾಫಿ ಮಷೀನು, ಅಚ್ಚುಕಟ್ಟಾಗಿ ಕೂರುತ್ತಿದ್ದರು. ನಮಗೆ ಅನುದಾನ ಕೊಡುವವರಿಗೆ ಇದು ಹಿಡಿಸಲಿಲ್ಲ. ಸಂಕಷ್ಟದಲ್ಲಿರುವ ಸಮುದಾಯ ಎಂದಿರಲ್ಲ, ಇವರಿಗೆ ನಮಗಿಂತ ಒಳ್ಳೆಯ ಕಾಫಿ ಮಷೀನು ಇದೆಯಲ್ಲ ಎಂದು ಒಬ್ಬರು ಮೆಲ್ಲಗೆ ಕೇಳಿದರಂತೆ.

ಡೈರೆಕ್ಟರು ಬಹಳ ಸಂಕೋಚಪಟ್ಟು ಆಕೆಯನ್ನು ಕೇಳಿದರು. ಮುಂದಿನ ಸಭೆಗೆ ಅನುದಾನದವರೂ ಬರುತ್ತಾರೆ, ಸಾಧ್ಯವಾದರೆ ಹಿಂದೆ ಸಮುದ್ರ ಕಾಣುವ ಹಾಗೆ ಕೂರುತ್ತೀರಾ ಎಂದರು.

ಆಕೆ, ನಮ್ಮಲ್ಲಿ ಸಮುದ್ರ ಈಗ ಇರುವುದು ಸ್ಮಶಾನದ ಕಡೆ, ಕಳೆದ ವರ್ಷ ನಮ್ಮಮ್ಮನ ಗೋರಿಯನ್ನು ಅಲ್ಲಿಂದ ಎತ್ತಿ ಈಚೆ ತಂದೆವು, ಲ್ಯಾಪ್‌ಟಾಪ್ ಹಿಡಿದುಕೊಂಡು ಅಲ್ಲಿಗೆ ಹೋಗಲು ಮನಸ್ಸಿಲ್ಲ ಎಂದರು. ಡೈರೆಕ್ಟರು ಕೆಂಪಾಗಿ ಕ್ಷಮೆ ಕೇಳಿದರು. ಪರವಾಗಿಲ್ಲ, ನಿಮ್ಮವರಿಗೆ ಸಮುದ್ರ ಬೇಕಲ್ಲ, ಏನಾದರೂ ಮಾಡುತ್ತೇನೆ ಎಂದು ಆಕೆಯೇ ಸಮಾಧಾನ ಮಾಡಿದರು.

ಮುಂದಿನ ಸಭೆಯಲ್ಲಿ ಆಕೆಯ ಹಿಂದೆ ನೀಲಿ ಕಡಲು, ಬಿಳಿ ಮರಳು, ಬಾಗಿದ ತೆಂಗಿನಮರ. ಝೂಮ್‌ನಲ್ಲಿ ಎಲ್ಲರಿಗೂ ಸಿಗುವ ಚಿತ್ರ. ಅವರು ಸ್ವಲ್ಪ ಅಲುಗಿದರೆ ಒಂದು ಕಿವಿ ತೆಂಗಿನಮರದೊಳಗೆ ಮಾಯವಾಗುತ್ತಿತ್ತು. ಕೈ ಎತ್ತಿದಾಗ ಕಪಾಟಿನ ಫೈಲುಗಳು ಅಲೆಗಳ ನಡುವೆ ಮಿಂಚಿ ಹೋಗುತ್ತಿದ್ದವು. ಅನುದಾನದವರು ಮೈಮರೆತು ನೋಡುತ್ತಿದ್ದರು. ಒಬ್ಬರಂತೂ ಕಣ್ಣೊರೆಸಿಕೊಂಡರು. ಇಂಥ ಜಾಗ ಮುಳುಗಿ ಹೋಗುತ್ತಿದೆ ಎಂದು ಕಣ್ಣಾರೆ ಕಂಡ ಮೇಲೆ ನಮಗೆ ಇನ್ನು ಅನುಮಾನವಿಲ್ಲ ಎಂದರು.

ಸಭೆ ಮುಗಿದ ಮೇಲೆ ನಾನು ಆಕೆಯನ್ನು ಕೇಳಿದೆ. ಅವರು ನಕ್ಕರು. "ಅದು ಯಾವ ಊರೋ ನನಗೂ ಗೊತ್ತಿಲ್ಲಮ್ಮ. ಆದರೆ ನಿಮ್ಮವರು ಅತ್ತದ್ದು ನೋಡಿದರೆ, ಪಾಪ, ಅಲ್ಲಿಯವರ ಸ್ಥಿತಿ ನಮಗಿಂತ ಕಷ್ಟ ಇರಬೇಕು."

ಐದು ಕಿಲೋಮೀಟರಿನ ಒಳಗೆ

ಡೈರೆಕ್ಟರ ಮನೆ ಇರುವುದು ಶಾನನ್ ನದಿಯ ದಂಡೆಯಲ್ಲಿ, ಒಂದು ಹಳ್ಳಿಯ ಕೊನೆಯಲ್ಲಿ. ಅಲ್ಲಿಯ ಇಂಟರ್‌ನೆಟ್ ಮನಸ್ಸು ಬಂದರೆ ಬರುತ್ತಿತ್ತು. ಬಾಂಗ್ಲಾ ಹಳ್ಳಿಯ ಮೇಷ್ಟರಿಗೂ ದ್ವೀಪದ ಅಧ್ಯಕ್ಷೆಗೂ ಒಂದು ದಿನವೂ ತೊಂದರೆಯಾಗಲಿಲ್ಲ, ಕಡಿದು ಹೋಗುತ್ತಿದ್ದದ್ದು ಇವರು ಮಾತ್ರ. ಕೊನೆಗೆ ಗುಡ್ಡದ ಮೇಲಿನ ಚರ್ಚಿನ ಕಾರ್ ಪಾರ್ಕಿನಲ್ಲಿ ಸಿಗ್ನಲ್ ಚೆನ್ನಾಗಿದೆ ಎಂದು ಕಂಡುಕೊಂಡು, ಕಾರಿನಲ್ಲಿ ಕೂತು ಸಭೆ ನಡೆಸತೊಡಗಿದರು. ಜನವರಿಯಲ್ಲಿ ಮತ್ತೆ ಬಿಗಿ ಲಾಕ್‌ಡೌನ್, ಮನೆಯಿಂದ ಐದು ಕಿಲೋಮೀಟರ್ ದಾಟಬಾರದು. ಚರ್ಚು ಅದರ ಸ್ವಲ್ಪ ಆಚೆಗಿತ್ತು.

ಒಂದು ಬೆಳಿಗ್ಗೆ ಸಭೆಯ ನಡುವೆ ಅವರ ಕಾರಿನ ಗಾಜನ್ನು ಯಾರೋ ತಟ್ಟಿದರು. ಪೊಲೀಸರು, ಇಲ್ಲಿಯವರ ಬಾಯಲ್ಲಿ ಗಾರ್ಡ. ಡೈರೆಕ್ಟರು ಮ್ಯೂಟ್ ಮಾಡುವುದನ್ನು ಮರೆತು ಗಾಜು ಇಳಿಸಿದರು, ಮೂರು ದೇಶದವರೂ ಉಸಿರು ಬಿಗಿಹಿಡಿದು ಕೇಳಿಸಿಕೊಂಡೆವು. ಇಲ್ಲಿ ಏನು ಮಾಡ್ತಿದ್ದೀರಿ ಎಂದು ಗಾರ್ಡ ಕೇಳಿದರು. ಅತ್ಯಗತ್ಯ ಕೆಲಸ, ಪೆಸಿಫಿಕ್ ದ್ವೀಪದವರ ಜತೆ ಸಮಾಲೋಚನೆ, ಎಂದರು ಇವರು. ಆ ದ್ವೀಪ ನಿಮ್ಮ ಐದು ಕಿಲೋಮೀಟರಿನ ಒಳಗೆ ಬರುತ್ತಾ ಎಂದು ಗಾರ್ಡ ವಿಚಾರಿಸಿದರು. ಇಲ್ಲ ಎಂದು ಇವರು ಒಪ್ಪಿಕೊಳ್ಳಬೇಕಾಯಿತು.

ಅಷ್ಟು ದೂರದವರ ಜತೆ ಏನು ಮಾತು ಎಂಬ ಪ್ರಶ್ನೆ ಬಂತು. ಸೂರ್ಯನ ಬೆಳಕು ಸ್ವಲ್ಪ ಕಮ್ಮಿ ಮಾಡಬಹುದೇ ಎಂದು ಕೇಳುತ್ತಿದ್ದೇವೆ, ಎಂದರು ಡೈರೆಕ್ಟರು.

ಗಾರ್ಡ ತಲೆಯೆತ್ತಿ ನೋಡಿದರು. ಜನವರಿಯ ಆಕಾಶ, ಬೆಳಿಗ್ಗೆಯೇ ಕತ್ತಲು ಕವಿದು ಸೋನೆ ಹಿಡಿದಿತ್ತು. ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇಲ್ಲಿ ಆ ಕೆಲಸ ಆಗಲೇ ಮುಗಿದಿದೆ ಸಾರ್. ನೀವು ಮನೆಗೆ ಹೊರಡಿ," ಎಂದರು.

ಹೊಳೆ ಒಳಗೆ ಬಂತು

ಫೆಬ್ರವರಿಯಲ್ಲಿ ಕೊನೆಯ ಸಭೆಗಳು. ಡೈರೆಕ್ಟರು ವರದಿಯ ಕರಡು ತಯಾರು ಮಾಡಿ ಎಲ್ಲರಿಗೂ ಕಳಿಸಿದ್ದರು. ಸೂರ್ಯನ ವಿಷಯದಲ್ಲಿ ಜನ ಹೇಳಿದ್ದನ್ನೆಲ್ಲ ಚೆನ್ನಾಗಿ ಬರೆದಿದ್ದರು. ಕೆಲವರು ಮಾಡಿ ನೋಡಿ ಅಂದಿದ್ದರು, ಕೆಲವರು ಅದರ ತಂಟೆ ಬೇಡ ಅಂದಿದ್ದರು. ಅದರ ಸ್ವಿಚ್ ಯಾರ ಕೈಯಲ್ಲಿ ಇರುತ್ತದೆ ಎಂದು ಕೇಳಿದವರೇ ಹೆಚ್ಚು. ಆದರೆ ಮೇಷ್ಟರ ಏರಿ, ಉಪ್ಪುನೀರು ಎತ್ತಿ ಹಾಕುವ ಪಂಪು, ದ್ವೀಪದ ಸ್ಮಶಾನಕ್ಕೆ ಬೇಕಾದ ತಡೆಗೋಡೆ, ನಮ್ಮೂರಿನ ಕಡಲಿಗೆ ಹಾಕಬೇಕಾದ ಕಲ್ಲು, ಇವೆಲ್ಲ ಕೊನೆಯ ಪುಟಕ್ಕೆ ಹೋಗಿದ್ದವು. ಮೇಲೆ ಒಂದು ತಲೆಬರಹ: ವಿಷಯಕ್ಕೆ ಹೊರತಾದ ಮಾತುಗಳು.

ಮೇಷ್ಟರು ಇದನ್ನು ಎತ್ತಿದರು. ನಮಗೆ ಅದೇ ವಿಷಯ, ಉಳಿದದ್ದು ಹೊರತಾದದ್ದು ಎಂದರು. ನಾನೂ ದನಿಗೂಡಿಸಿದೆ. ಡೈರೆಕ್ಟರು ಸಹನೆಯಿಂದ, ಸಂಶೋಧನೆಗೆ ಒಂದು ಚೌಕಟ್ಟು ಇರುತ್ತದೆ, ಪಂಪು ಅದರ ಹೊರಗೆ ಬರುತ್ತದೆ ಎಂದು ವಿವರಿಸಿದರು. ದ್ವೀಪದ ಅಧ್ಯಕ್ಷೆ ತಮ್ಮ ಕ್ಯಾಮೆರಾ ಆಫ್ ಮಾಡಿದರು. ಇನ್ನು ಆಕೆ ಬರುವುದಿಲ್ಲ ಅನ್ನಿಸಿ ನನಗೆ ಸಂಕಟವಾಯಿತು. ಒಂದು ವರ್ಷ ನಂಬಿಸಿ ಮಾತಾಡಿಸಿದ್ದು ನಾನು.

ಆ ವಾರವಿಡೀ ಮಳೆ ಸುರಿಯಿತು. ಶಾನನ್ ಗದ್ದೆ ದಾಟಿ, ಗೇಟು ದಾಟಿ, ಡೈರೆಕ್ಟರ ಮನೆಯೊಳಗೆ ಬಂತು. ಮುಂದಿನ ಸಭೆಗೆ ಅವರು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಸೇರಿಕೊಂಡರು. ಮೊಣಕಾಲುದ್ದದ ರಬ್ಬರ್ ಬೂಟು, ತಲೆ ಕೆದರಿತ್ತು, ಕೆಳಗೆ ಹಾಲಿನಲ್ಲಿ ಒಂದು ಸ್ಟೂಲು ತೇಲುತ್ತಿತ್ತು. ದ್ವೀಪದ ಅಧ್ಯಕ್ಷೆ ಬಂದಿದ್ದರು, ನೋಡಿ ಅಯ್ಯೋ ಎಂದರು. ಸಭೆ ಮುಂದೂಡೋಣ ಎಂದು ನಾನು ಹೇಳುವಷ್ಟರಲ್ಲಿ ಮೇಷ್ಟರು ಗಂಟಲು ಸರಿಮಾಡಿಕೊಂಡರು. ವರ್ಷವಿಡೀ ನಮ್ಮ ಪ್ರಶ್ನೆಗಳನ್ನು ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿತ್ತು. ಅಣಕ ಮಾಡುವ ಮನುಷ್ಯರಲ್ಲ, ದನಿಯಲ್ಲಿ ನಿಜವಾದ ಕಳಕಳಿ ಇತ್ತು.

"ನಿಮ್ಮ ಮಾತಲ್ಲೇ ಹೇಳಿ ಸಾರ್, ಅವಸರ ಇಲ್ಲ. ಇಲ್ಲಿ ತಪ್ಪು ಉತ್ತರ ಅನ್ನೋದಿಲ್ಲ. ನೀರು ಬಂದಾಗ ನಿಮ್ಮ ಸಮುದಾಯದವರು ಸಾಂಪ್ರದಾಯಿಕವಾಗಿ ಏನು ಮಾಡ್ತಾರೆ?"

ಡೈರೆಕ್ಟರು ಕೆಳಗಿನ ನೀರನ್ನೊಮ್ಮೆ ನೋಡಿದರು. "ನನಗೆ ಒಂದು ಪಂಪ್ ಬೇಕು ಮೇಷ್ಟ್ರೇ," ಎಂದರು.

ಮೇಷ್ಟರು ತಲೆಯಾಡಿಸಿದರು. "ಅದು ವಿಷಯಕ್ಕೆ ಹೊರತಾಗುತ್ತೆ. ಆದರೂ ಬರ್ಕೊಂಡಿದ್ದೀನಿ."

ಡೈರೆಕ್ಟರು ನಗಲು ಶುರುಮಾಡಿದರು, ನಕ್ಕು ನಕ್ಕು ಮೆಟ್ಟಿಲ ಕಟಕಟೆ ಹಿಡಿದುಕೊಂಡರು. ಸಭೆ ಅಲ್ಲಿಗೇ ನಿಂತಿತು, ಆದರೆ ಯಾರೂ ಹೋಗಲಿಲ್ಲ. ಮೊದಲು ಕರೆಂಟು ತೆಗೀರಿ ಎಂದರು ಮೇಷ್ಟರು. ಫೋಟೋಗಳನ್ನು ಮೇಲಕ್ಕೆ ಸಾಗಿಸಿ, ಕುರ್ಚಿ ಮೇಜು ಆಮೇಲೂ ಸಿಗುತ್ತವೆ, ಎಂದರು ಅಧ್ಯಕ್ಷೆ. ಅವರು ಹೇಳಿದ ಹಾಗೇ ಡೈರೆಕ್ಟರು ಹತ್ತಿ ಇಳಿದು ಮಾಡಿದರು.

ಏರಿ, ತಡೆಗೋಡೆ, ಪಂಪು ಎಲ್ಲ ವರದಿಯ ಮೊದಲ ಅಧ್ಯಾಯಕ್ಕೆ ಬಂದವು, ಸೂರ್ಯ ಕೊನೆಗೆ ಹೋದ. ಅನುದಾನದವರು ಸ್ವಲ್ಪ ಗೊಣಗಿದರು, ಡೈರೆಕ್ಟರು ಜಗ್ಗಲಿಲ್ಲ. ಅದನ್ನು ಹೇಳಲು ಕರೆದ ಸಭೆಯಲ್ಲಿ ಅವರಿನ್ನೂ ಅದೇ ರಬ್ಬರ್ ಬೂಟಿನಲ್ಲಿದ್ದರು. ಮೇಷ್ಟರು ವರದಿಯ ಮಾತನ್ನು ಬದಿಗಿಟ್ಟು, ಪಂಪ್ ಬಂತಾ ಸಾರ್ ಎಂದು ಮೊದಲು ವಿಚಾರಿಸಿದರು.

"ಪಂಪ್ ಬಂದಿಲ್ಲ," ಎಂದರು ಡೈರೆಕ್ಟರು. "ಜಿಲ್ಲಾ ಕೌನ್ಸಿಲ್ ಕಡೆಯವರು ಫೋನ್ ಮಾಡಿದ್ದರು. ಮುಂದಿನ ತಿಂಗಳು ಝೂಮ್‌ನಲ್ಲಿ ನಮ್ಮ ಅಭಿಪ್ರಾಯ ಕೇಳ್ತಾರಂತೆ."